ಮೊದಲು ಜಾಮ್, ಆಮೇಲೆ ಕತ್ತರಿ

ಮನೇಲಿ ಹಾಡು ಕಟ್ಟಿಕೊಂಡು ರಿಹರ್ಸಲ್‌ಗೆ ಬರೋದನ್ನ ನಮ್ಮ ಬ್ಯಾಂಡ್ ಬಿಟ್ಟಿದೆ. ಕೋಲಾರದಲ್ಲಿ ಅಂಗಡಿ ಮೇಲಿನ ಒಂದು ರೂಮು. ಗಿಟಾರು, ಕೀಬೋರ್ಡು, ನನ್ನ ಬೇಸ್ ಗಿಟಾರು, ತಮಟೆ. ಡ್ರಮ್ ಸೆಟ್ ಇಲ್ಲ. ಮೊದಲು ಜಾಮ್, ಅಂದ್ರೆ ಮುಂಚೆ ಏನೂ ಕಟ್ಟಿಕೊಳ್ಳದೆ ಎಲ್ಲರೂ ಸೇರಿ ನುಡಿಸ್ತೀವಿ, ಅದರೊಳಗಿಂದ ಹಾಡು ತೆಗೀತೀವಿ.

ಶುರು ಮಾಡೋಕೆ ಮುಂಚೆ ಕಟ್ಟುಪಾಡು ಹಾಕ್ಕೊಳ್ಳಿ. ‘ಏನು ಬೇಕಾದ್ರೂ ನುಡಿಸಿ’ ಅಂದ್ರೆ ಎಲ್ಲರ ಕೈಯೂ ಅಭ್ಯಾಸವಾದ ಜಾಗಕ್ಕೇ ಓಡುತ್ತೆ. ಗಿಟಾರಿಗೆ ಎರಡೇ ತಂತಿ, ಬೇಸಿಗೆ ಒಂದೇ ಸ್ವರ, ಹೀಗೆ ಏನಾದ್ರೂ. ಒಬ್ಬರು ಮಾತ್ರ ಕೊನೇತನಕ ಬದಲಾಗಬಾರದು. ನಮ್ಮಲ್ಲಿ ಅದು ತಮಟೆ. ಜರ್ಮನಿಯ ಕ್ಯಾನ್ ಬ್ಯಾಂಡಿನ ಡ್ರಮ್ಮರ್ ಯಾಕಿ ಲೀಬೆಟ್ಸೈಟ್‌ನ ಕೇಳಿ, ಒಂದೇ ಹೊಡೆತ ಹಿಡಿದು ಕೂತರೆ ಅಲ್ಲಾಡೋದೇ ಇಲ್ಲ. ಅದಕ್ಕೇ ಉಳಿದವರು ಎಲ್ಲಿಗೆ ಬೇಕಾದ್ರೂ ಅಲೆದಾಡಬಹುದು.

ರೆಕಾರ್ಡಿಂಗ್‌ಗೆ ಫೋನ್ ಸಾಕು. ತಮಟೆ ಎದುರಿಗಿಟ್ಟರೆ ಸದ್ದು ಒಡೆದುಹೋಗುತ್ತೆ, ದೂರದ ಮೂಲೇಲಿ ಇಡಿ. ಏರೋಪ್ಲೇನ್ ಮೋಡ್ ಮರೀಬೇಡಿ. ಅರ್ಧ ಗಂಟೆ ನಿಲ್ಲಿಸಬೇಡಿ. ಚೆನ್ನಾಗಿ ಬಂದಾಗ ಒಬ್ಬರ ಮುಖ ಒಬ್ಬರು ನೋಡಿ ನಗಲೂಬೇಡಿ. ನಕ್ಕ ಗಳಿಗೇಲೇ ಅದು ಕೈತಪ್ಪುತ್ತೆ.

ಒಂದು ವಾರ ಬಿಟ್ಟು ಕೇಳಿ. ನಿಜವಾದ ಕಂಪೋಸಿಂಗ್ ಇಲ್ಲಿಂದ ಶುರು. ಕ್ಯಾನ್‌ನ ಬೇಸಿಸ್ಟ್ ಹೋಲ್ಗರ್ ಚುಕೇ ಉದ್ದುದ್ದ ಜಾಮ್‌ಗಳ ಟೇಪನ್ನ ಕತ್ತರಿಸಿ ಅಂಟಿಸಿಯೇ 1971ರ ‘ಟಾಗೊ ಮಾಗೊ’ ಆಲ್ಬಮ್ ರೂಪಕ್ಕೆ ಬಂದಿದ್ದು. ನಮಗೆ ರೆಕಾರ್ಡಿಂಗ್ ಕತ್ತರಿಸಿ ಜೋಡಿಸೋ ಅಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ನಾನು ಒಬ್ಬರೇ ಮೆರೆಯೋ ಸೋಲೋಗಳನ್ನೇ ಮೊದಲು ಕಿತ್ತು ಬಿಸಾಕ್ತೀನಿ (ಗಿಟಾರಿನವನು ಮುನಿಸಿಕೊಳ್ತಾನೆ, ಮುನಿಸಿಕೊಳ್ಳಲಿ). ಒಂದು ವಾದ್ಯ ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಟ್ಟ ಜಾಗ ಹುಡುಕಿ. ಇಪ್ಪತ್ತು ಸೆಕೆಂಡ್ ಸಿಕ್ಕಿದರೂ ಆಯ್ತು.

ಚರ್ಮದ ವಾದ್ಯ ಇದ್ದರೆ ಇನ್ನೊಂದು ತೊಡಕಿದೆ. ತಮಟೆಯನ್ನ ಬೆಂಕಿಗೆ ಹಿಡಿದು ಕಾಯಿಸಿದಾಗ ಚರ್ಮ ಬಿಗಿಯಾಗಿ ಸದ್ದು ಖಣಖಣ ಅನ್ನುತ್ತೆ. ನುಡಿಸ್ತಾ ನುಡಿಸ್ತಾ ಆರಿ ಸಡಿಲವಾಗುತ್ತೆ, ಶ್ರುತಿ ಇಳಿಯುತ್ತೆ, ಮಳೆಗಾಲದಲ್ಲಂತೂ ಬೇಗ. ಹಾಗಾಗಿ ಮೂರನೇ ನಿಮಿಷದ ತುಂಡಿಗೆ ಇಪ್ಪತ್ತೈದನೇ ನಿಮಿಷದ್ದು ಅಂಟಿಸಿದರೆ ಬೆಸುಗೆ ಎದ್ದು ಕಾಣುತ್ತೆ. ಹತ್ತಿರದ ತುಂಡುಗಳನ್ನೇ ಜೋಡಿಸಿ. ಇಲ್ಲಾಂದ್ರೆ ಆ ಇಳಿತವನ್ನೇ ಹಾಡಿನ ತಿರುವಾಗಿ ಇಟ್ಟುಕೊಳ್ಳಿ. ನನಗೆ ಎರಡನೇದೇ ಇಷ್ಟ, ಹಾಡು ತಾನೇ ದಣಿದ ಹಾಗೆ ಕೇಳುತ್ತೆ.

ಕತ್ತರಿಸಿದ್ದನ್ನ ಎಲ್ಲರೂ ಕಿವಿಯಿಂದಲೇ ಕಲೀಬೇಕು, ತಪ್ಪು ಬಿದ್ದ ಸ್ವರದ ಸಮೇತ. ಮುಂದಿನ ಜಾಮ್ ಅಲ್ಲಿಂದ ಶುರುವಾಗಲಿ. ಹೀಗೆ ಒಂದೆರಡು ಸುತ್ತು ಹೋದಾಗ ಉಳಿಯೋದು ಉಳಿಯುತ್ತೆ. ಸಾಹಿತ್ಯ ಕೊನೇಲಿ.

ಹೆಸರು ಹಾಕೋ ಮಾತು ಮಾತ್ರ ಮೊದಲೇ ಆಗಿಬಿಡಲಿ. ಕ್ಯಾನ್‌ನವರು ಹಾಡುಗಳಿಗೆ ಇಡೀ ಬ್ಯಾಂಡಿನ ಹೆಸರು ಹಾಕ್ತಿದ್ದರು. ನಮ್ಮಲ್ಲೂ ನಾಲ್ಕು ಜನಕ್ಕೂ ಸಮಪಾಲು. ಗಿಟಾರಿನವನು ‘ಸಂಗೀತ ಸಂಯೋಜನೆ’, ತಮಟೆಯವರು ಬರೀ ‘ಪಕ್ಕವಾದ್ಯ’ ಅಂತ ಬರೆಯೋ ಬ್ಯಾಂಡಿನಲ್ಲಿ ನಾನು ನುಡಿಸಲ್ಲ.