ಬೆನ್ನು ಕಾಣುವ ಗೇಮ್‌ಗಳು: ಯಾವುದು ಪರದೆಗೆ, ಯಾವುದು ವಿಆರ್‌ಗೆ?

ಆಡುವಾಗ ನಿಮ್ಮ ಪಾತ್ರದ ಬೆನ್ನು ಕಾಣುತ್ತಿದ್ದರೆ ಅದು ಥರ್ಡ್ ಪರ್ಸನ್ ಗೇಮ್. ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಟದೊಳಗೇ ಇಳಿಯುವುದು) ಎಂದರೆ ಪಾತ್ರವೇ ನಾವಾಗುವುದಲ್ಲವೇ, ಬೆನ್ನು ನೋಡಲು ಹೆಡ್‌ಸೆಟ್ ಯಾಕೆ ಎಂದು ಕೇಳುವವರಿದ್ದಾರೆ. ಆದರೂ ವಿಆರ್‌ನ ಒಳ್ಳೆಯ ಆಟಗಳಲ್ಲಿ ಕೆಲವು ಈ ಜಾತಿಯವೇ. ಇದೇ ಜಾತಿಯ ಇನ್ನು ಕೆಲವನ್ನು ಹೆಡ್‌ಸೆಟ್ ಹಾಕಿಕೊಂಡು ಹತ್ತು ನಿಮಿಷ ಆಡಿದರೆ ತಿಂದದ್ದೆಲ್ಲ ಗಂಟಲಿಗೆ ಬರುತ್ತದೆ. ಎರಡಕ್ಕೂ ಕಾರಣ ಒಂದೇ: ಕ್ಯಾಮೆರಾವನ್ನು ತಿರುಗಿಸುವವರು ಯಾರು?

ಪರದೆಯ ಆಟದಲ್ಲಿ ಗೇಮ್‌ಪ್ಯಾಡಿನ ಸ್ಟಿಕ್ ಮೇಲಿರುವ ಬಲಗೈ ಹೆಬ್ಬೆರಳು ಕ್ಯಾಮೆರಾವನ್ನು ಪಾತ್ರದ ಸುತ್ತ ತಿರುಗಿಸುತ್ತಲೇ ಇರುತ್ತದೆ. ಟಿವಿಯ ಆಚೀಚೆ ಗೋಡೆ, ಕಿಟಕಿ, ಶೋಕೇಸ್ ಅಲುಗದೆ ನಿಂತಿರುವುದರಿಂದ ಮಿದುಳಿಗೆ ಗೊಂದಲವಿಲ್ಲ. ಹೆಡ್‌ಸೆಟ್ ಹಾಕಿದರೆ ಗೋಡೆ ಮಾಯ. ತಿರುಗುತ್ತಿದ್ದೇನೆ ಎನ್ನುತ್ತದೆ ಕಣ್ಣು. ಕುರ್ಚಿಯಲ್ಲೇ ಕೂತಿದ್ದೇನೆ ಎನ್ನುತ್ತದೆ ಒಳಗಿವಿಯ ಸಮತೋಲನದ ಅಂಗ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತವರಿಗೆ ಆಗುವುದೂ ಇದೇ ತಗಾದೆ. ಅಲ್ಲಿ ಅಲುಗುವುದು ದೇಹ, ಇಲ್ಲಿ ಅಲುಗುವುದು ನೋಟ, ಅಷ್ಟೇ ವ್ಯತ್ಯಾಸ.

ಹಂತ 1: ಹೆಬ್ಬೆರಳಿನ ಪರೀಕ್ಷೆ

ಹೆಡ್‌ಸೆಟ್ ಮುಟ್ಟುವ ಮೊದಲು ಆ ಗೇಮನ್ನು ಪರದೆಯಲ್ಲಿ ಹತ್ತು ನಿಮಿಷ ಆಡಿ, ಬಲ ಹೆಬ್ಬೆರಳನ್ನು ಗಮನಿಸಿ. ನಾಲ್ಕೈದು ಸೆಕೆಂಡಿಗೊಮ್ಮೆ ಕ್ಯಾಮೆರಾ ತಿರುಗಿಸಲೇಬೇಕಾಗುತ್ತದೆಯೇ? ಸುತ್ತುವರಿದ ಶತ್ರುಗಳ ಜೊತೆ ಕತ್ತಿಯುದ್ಧ, ಕಾರು ಓಡಿಸುವುದು, ಗೋಡೆ ಹತ್ತಿ ಹಾರುವುದು ಇಂಥವೇ ಹೆಚ್ಚಿದ್ದರೆ ಆ ಗೇಮ್ ಪರದೆಗೇ ಸರಿ. ಕ್ಯಾಮೆರಾ ಹೆಚ್ಚೂಕಡಿಮೆ ಒಂದೇ ಕಡೆ ನಿಂತು ನೋಡುತ್ತಿದ್ದರೆ, ಅಥವಾ ಪಾತ್ರದ ಹಿಂದೆ ನಿಧಾನವಾಗಿ ಸಾಗುತ್ತಿದ್ದರೆ, ವಿಆರ್‌ಗೆ ಅರ್ಹ.

ಇನ್ನೊಂದು ಸೂಚನೆ ನೆರಳು. ಪರದೆಯಲ್ಲಿ ಆಳ ತಿಳಿಯುವುದಿಲ್ಲವಾದ್ದರಿಂದಲೇ ನೆಗೆಯುವ ಆಟಗಳಲ್ಲಿ ಪಾತ್ರದ ಕಾಲ ಕೆಳಗೆ ದುಂಡನೆಯ ಕಪ್ಪು ನೆರಳು ಇಟ್ಟಿರುತ್ತಾರೆ. ಎಲ್ಲಿ ಇಳಿಯುತ್ತೇವೆಂದು ಅದನ್ನು ನೋಡಿಯೇ ಅಂದಾಜು ಮಾಡುತ್ತೇವೆ. ವಿಆರ್‌ನಲ್ಲಿ ಎರಡೂ ಕಣ್ಣಿಗೆ ಬೇರೆಬೇರೆ ಚಿತ್ರ ಬರುವುದರಿಂದ ಹಲಗೆಯಿಂದ ಹಲಗೆಗೆ ಇರುವ ದೂರ ನೇರವಾಗಿ ಕಾಣುತ್ತದೆ. ನೆಗೆಯುವ ಆಟಗಳು ಹೆಡ್‌ಸೆಟ್‌ನಲ್ಲಿ ಸುಲಭವಾಗುವುದು ಇದರಿಂದ.

ಹಂತ 2: ಪರದೆಯನ್ನು ಮೊದಲು ಸರಿಮಾಡಿ

ವಿಆರ್ ಬೇಕು ಎನ್ನುವ ಎಷ್ಟೋ ಮಂದಿಗೆ ನಿಜವಾಗಿ ಬೇಕಿರುವುದು ಸರಿಯಾಗಿ ಹೊಂದಿಸಿದ ಟಿವಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಚಿತ್ರ ಸಂಸ್ಕರಣೆಯ ವಿಳಂಬಕ್ಕೆ ಪಾತ್ರ ಬಟನ್ ಒತ್ತಿದ ಮೇಲೆ ಯೋಚಿಸಿ ನೆಗೆಯುತ್ತದೆ. 24 ಇಂಚಿನ ಮಾನಿಟರ್ ಕಣ್ಣಿನಿಂದ ಸುಮಾರು 60 ಸೆಂ.ಮೀ. ದೂರವಿರಲಿ. ಮೋಷನ್ ಬ್ಲರ್ (ಚಲನೆಯ ಮಸುಕು) ಮತ್ತು ಕ್ಯಾಮೆರಾ ಶೇಕ್ (ಕ್ಯಾಮೆರಾದ ಅದುರಾಟ) ಆಫ್ ಮಾಡಿ. ಫೀಲ್ಡ್ ಆಫ್ ವ್ಯೂ (ನೋಟದ ಅಗಲ) ಅಥವಾ ಕ್ಯಾಮೆರಾ ಡಿಸ್ಟೆನ್ಸ್ (ಪಾತ್ರದಿಂದ ಕ್ಯಾಮೆರಾದ ದೂರ) ಆಯ್ಕೆ ಇದ್ದರೆ ಸ್ವಲ್ಪ ಹೆಚ್ಚಿಸಿ. ಇಷ್ಟಕ್ಕೇ ತೃಪ್ತಿಯಾದರೆ ದುಡ್ಡು ಉಳಿಯಿತು.

ಹಂತ 3: ವಿಆರ್‌ಗೆಂದೇ ಮಾಡಿದ ಆಟದಿಂದ ಶುರು

2016ರಲ್ಲಿ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್ ಜೊತೆಗೇ ಬಂದ 'ಲಕ್ಕೀಸ್ ಟೇಲ್', 2018ರ 'ಮಾಸ್', ಅದೇ ವರ್ಷದ 'ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್' ಈ ಮೂರೂ ಕ್ಯಾಮೆರಾ ಸಮಸ್ಯೆಯನ್ನು ಒಂದೊಂದು ರೀತಿ ಬಗೆಹರಿಸಿವೆ. ಮಾಸ್‌ನಲ್ಲಿ ಪ್ರತಿ ದೃಶ್ಯವೂ ನಿಂತ ಜಾಗದಿಂದ ನೋಡುವ ಪುಟ್ಟ ರಂಗಸಜ್ಜಿಕೆ. ಕ್ವಿಲ್ ಎಂಬ ಇಲಿ ಓಡಾಡುತ್ತದೆ, ನೀವು ಅಲುಗುವುದಿಲ್ಲ, ದೃಶ್ಯ ಬದಲಾಗುವಾಗ ಕ್ಷಣಕಾಲ ಕತ್ತಲು. ಆಸ್ಟ್ರೋ ಬಾಟ್‌ನಲ್ಲಿ ಕ್ಯಾಮೆರಾ ನಿಧಾನವಾಗಿ ಮುಂದಕ್ಕೆ ಸಾಗುತ್ತದೆ. ಮೂಲೆಯ ಹಿಂದೇನಿದೆ ಎಂದು ನೋಡಲು ನೀವೇ ಕತ್ತು ಚಾಚಬೇಕು. ಪರದೆಯಲ್ಲಿ ಹೆಬ್ಬೆರಳು ಮಾಡುತ್ತಿದ್ದ ಕೆಲಸವನ್ನು ಕತ್ತು ಮಾಡುತ್ತದೆ. ಸುಖ ಇರುವುದು ಅಲ್ಲೇ.

ಕೊಳ್ಳುವಾಗ ಎಚ್ಚರ: ರೆಸ್ಕ್ಯೂ ಮಿಷನ್ ಹಳೆಯ ಪ್ಲೇಸ್ಟೇಷನ್ ವಿಆರ್‌ನದು, ವಿಆರ್2 ಹೆಡ್‌ಸೆಟ್‌ನಲ್ಲಿ ಓಡುವುದಿಲ್ಲ. 2024ರ 'ಆಸ್ಟ್ರೋ ಬಾಟ್' ಬರೀ ಪರದೆಯ ಆಟ. ಮಾಸ್ ಮಾತ್ರ ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್, ಪಿಸಿ, ವಿಆರ್2 ಮೂರರಲ್ಲೂ ಸಿಗುತ್ತದೆ. ಮೊದಲ ಆಟ ಅದೇ ಆಗಲಿ.

ಹಂತ 4: ಕಣ್ಣು, ಕುರ್ಚಿ, ಫ್ಯಾನು

ಎರಡು ಕಣ್ಣುಪಾಪೆಗಳ ನಡುವಿನ ದೂರ, ಅಂದರೆ ಐಪಿಡಿ, ತಿಳಿದಿರಬೇಕು. ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಅಳೆದು ಹೇಳುತ್ತಾರೆ. ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಆಸುಪಾಸು. ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ 58, 63, 68 ಎಂಬ ಮೂರೇ ಜಾಗ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಬೇಕಾದಲ್ಲಿ ನಿಲ್ಲಿಸಬಹುದು. ಇದು ತಪ್ಪಿದರೆ ಚಿತ್ರ ಮಸುಕಾಗಿ ಅರ್ಧ ಗಂಟೆಯಲ್ಲಿ ಹುಬ್ಬಿನ ನಡುವೆ ನೋವು ಶುರುವಾಗುತ್ತದೆ, ಅದನ್ನು ಜನ ವಿಆರ್‌ನ ದೋಷವೆಂದೇ ತಿಳಿಯುತ್ತಾರೆ. ಪಟ್ಟಿಯ ಭಾರ ಕೆನ್ನೆಯ ಮೇಲಲ್ಲ, ತಲೆಯ ಹಿಂಬುರುಡೆಯ ಕೆಳಗೆ ಕೂರಬೇಕು. ಕನ್ನಡಕ ಹಾಕುವವರು ಅದು ಹೆಡ್‌ಸೆಟ್‌ನ ಲೆನ್ಸಿಗೆ ತಾಗದಂತೆ ಅಂತರ ಹೆಚ್ಚಿಸಿಕೊಳ್ಳಲಿ. ಒಮ್ಮೆ ಗೀರು ಬಿದ್ದರೆ ಹೋಗುವುದಿಲ್ಲ.

ಥರ್ಡ್ ಪರ್ಸನ್ ಗೇಮ್‌ಗಳ ದೊಡ್ಡ ಅನುಕೂಲವೆಂದರೆ ಕೂತು ಆಡಬಹುದು. ಬೆಂಗಳೂರಿನ ಪಿಜಿ ಕೋಣೆಯಲ್ಲಿ ನಿಂತಾಡಲು 2 ಮೀಟರ್ ಉದ್ದ, 2 ಮೀಟರ್ ಅಗಲದ ಖಾಲಿ ಜಾಗ ಎಲ್ಲಿಂದ ತರುವುದು? ತಿರುಗದ ಕುರ್ಚಿ, ಮುಂದೆ ಒಂದು ತೋಳಿನಷ್ಟು ತೆರಪು ಸಾಕು. ಆಟ ಮುಗಿಸಿ ಎದ್ದು ನಿಂತು ಕೈಯೆತ್ತಿ ಮೈಮುರಿಯುವ ಮೊದಲು ಹೆಡ್‌ಸೆಟ್ ತೆಗೆಯಿರಿ: ಸೂರು ಕೆಳಗಿರುವ ಮನೆಗಳಲ್ಲಿ ಸೀಲಿಂಗ್ ಫ್ಯಾನು ಕೈಗೆಟಕುತ್ತದೆ. ಟೇಬಲ್ ಫ್ಯಾನಿದ್ದರೆ ಎದುರಿಗಿಟ್ಟುಕೊಳ್ಳಿ. ಬೆವರು ಇಂಗುತ್ತದೆ, ಗಾಳಿ ಬರುವ ದಿಕ್ಕಿನಿಂದ ನೀವು ಎತ್ತ ಮುಖ ಮಾಡಿದ್ದೀರೆಂಬುದೂ ಮೈಗೆ ತಿಳಿಯುತ್ತದೆ.

ಹಂತ 5: ಪಿಸಿಯಿಂದ ಹೆಡ್‌ಸೆಟ್‌ಗೆ ದಾರಿ

ಪಿಸಿ ಗೇಮ್ ಆಡುವುದಾದರೆ ಕೇಬಲ್ ಅಥವಾ ವೈಫೈ. ಕೇಬಲ್ ಯುಎಸ್‌ಬಿ 3 ಆಗಿರಬೇಕು, ಸುಮಾರು 5 ಮೀಟರ್ ಉದ್ದ. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟೈಪ್-ಸಿ ಎಂದಷ್ಟೇ ಕೇಳಿದರೆ ಚಾರ್ಜಿಂಗ್ ಕೇಬಲ್ ಕೈಗೆ ಬರುತ್ತದೆ. ಡೇಟಾ ವೇಗ ಎಷ್ಟು ಎಂದು ಕೇಳಿ, 5 ಜಿಬಿಪಿಎಸ್ ಎಂದಿದ್ದರೆ ಮಾತ್ರ ತನ್ನಿ.

ವೈಫೈ ಆದರೆ ಪಿಸಿಯನ್ನು ರೂಟರ್‌ಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿ. ಹೆಡ್‌ಸೆಟ್ ಮಾತ್ರ 5 ಗಿಗಾಹರ್ಟ್ಸ್‌ನಲ್ಲಿ, ಅದೇ ಕೋಣೆಯಲ್ಲಿ. ಪಿಸಿಯೂ ವೈಫೈಯಲ್ಲಿದ್ದರೆ ಪ್ರತಿ ಚಿತ್ರವೂ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡುತ್ತದೆ, ಚಿತ್ರ ತಡವರಿಸುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ಅಂತೂ ಅಕ್ಕಪಕ್ಕದ ಹತ್ತಾರು ರೂಟರ್‌ಗಳ ಸಂತೆ, ಆ ಕಡೆ ಹೋಗಲೇಬೇಡಿ. ಇಂಟರ್ನೆಟ್ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ದುಬಾರಿ ಫೈಬರ್ ಪ್ಲಾನ್ ಹಾಕಿಸಿಕೊಂಡರೆ ಸರಿಹೋಗುವುದಿಲ್ಲ. ಪಿಸಿಯ ಚಿತ್ರವನ್ನು ಹೆಡ್‌ಸೆಟ್‌ಗೆ ತರುವ ಆ್ಯಪ್‌ಗಳಲ್ಲಿ ಸ್ಟೀಮ್ ಲಿಂಕ್ ಉಚಿತ, ವರ್ಚುವಲ್ ಡೆಸ್ಕ್‌ಟಾಪ್‌ಗೆ ದುಡ್ಡು ಕೊಡಬೇಕು. ಮೊದಲು ಉಚಿತವಾದದ್ದನ್ನೇ ನೋಡಿ. ಕರೆಂಟು ಹೋಗಿಬರುವ ಬಡಾವಣೆಯಾದರೆ ಪಿಸಿಯ ಜೊತೆಗೆ ರೂಟರ್‌ಗೂ ಯುಪಿಎಸ್ ಇರಲಿ.

ಹಂತ 6: ಪರದೆಯ ಗೇಮನ್ನು ವಿಆರ್‌ಗೆ ತಿರುಗಿಸುವುದು

ಪ್ರೇಡಾಗ್ ಎಂಬ ಹೆಸರಿನ ಡೆವಲಪರ್ 2024ರ ಆರಂಭದಲ್ಲಿ ಎಲ್ಲರಿಗೂ ಬಿಟ್ಟ ಯುಇವಿಆರ್ ಎಂಬ ಉಚಿತ ತಂತ್ರಾಂಶ, ಅನ್‌ರಿಯಲ್ ಎಂಜಿನ್ (ಗೇಮ್ ಕಟ್ಟಲು ಬಳಸುವ ತಂತ್ರಾಂಶ) 4 ಮತ್ತು 5ರಲ್ಲಿ ಮಾಡಿದ ಬಹಳಷ್ಟು ಗೇಮ್‌ಗಳನ್ನು ವಿಆರ್‌ಗೆ ತಿರುಗಿಸುತ್ತದೆ. ನಿಮ್ಮ ಗೇಮ್ ಅನ್‌ರಿಯಲ್ ಹೌದೋ ಅಲ್ಲವೋ ತಿಳಿಯಲು ಅದರ ಫೋಲ್ಡರ್ ತೆರೆಯಿರಿ. 'ಎಂಜಿನ್' ಎಂಬ ಫೋಲ್ಡರ್, ಇನ್ನೊಂದರೊಳಗೆ 'ವಿನ್64-ಶಿಪ್ಪಿಂಗ್' ಎಂದು ಕೊನೆಯಾಗುವ ಫೈಲ್ ಇದ್ದರೆ ಬಹುತೇಕ ಹೌದು. ಆನ್‌ಲೈನ್ ಮಲ್ಟಿಪ್ಲೇಯರ್ ಗೇಮ್‌ಗಳಿಗೆ ಇದನ್ನು ಬಳಸಬೇಡಿ. ಆ್ಯಂಟಿ-ಚೀಟ್ ವ್ಯವಸ್ಥೆ ಇದನ್ನು ಕಳ್ಳಾಟವೆಂದೇ ತಿಳಿದು ಖಾತೆ ಮುಚ್ಚಿಸೀತು.

ಮೊದಲು ಗೇಮನ್ನು ಪರದೆಯಲ್ಲೇ ತೆರೆದು ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್, ಕ್ಯಾಮೆರಾ ಶೇಕ್, ಫ್ರೇಮ್ ಜನರೇಷನ್ ಎಲ್ಲವನ್ನೂ ಆಫ್ ಮಾಡಿ, ನೆರಳಿನ ಗುಣಮಟ್ಟ ಮೀಡಿಯಂಗೆ ಇಳಿಸಿ. ಜಿಪುಣತನ ಯಾಕೆಂದರೆ, ಕ್ವೆಸ್ಟ್ 3ರ ಎರಡು ಕಣ್ಣಿಗೆ 2064×2208ರಂತೆ ಲೆಕ್ಕ ಹಾಕಿದರೆ 91 ಲಕ್ಷ ಪಿಕ್ಸೆಲ್, 4ಕೆ ಟಿವಿಗಿರುವ 83 ಲಕ್ಷಕ್ಕಿಂತ ಹೆಚ್ಚು. ಅದೂ ಸೆಕೆಂಡಿಗೆ 90 ಸಲ, ಅಂದರೆ ಒಂದು ಚಿತ್ರಕ್ಕೆ 11.1 ಮಿಲಿಸೆಕೆಂಡು. ಟಿವಿಯಲ್ಲಿ 60 ಫ್ರೇಮ್‌ಗೆ 16.7 ಮಿಲಿಸೆಕೆಂಡು ಸಿಗುತ್ತಿತ್ತು. 90 ತಲುಪದಿದ್ದರೆ ಹೆಡ್‌ಸೆಟ್ಟನ್ನೇ 72ಕ್ಕೆ ಇಳಿಸಿ. ತಡವರಿಸುವ 90ಕ್ಕಿಂತ ಸ್ಥಿರವಾಗಿ ನಿಂತ 72 ಮೇಲು.

ಆಮೇಲೆ ಹೆಡ್‌ಸೆಟ್ಟನ್ನು ಪಿಸಿಗೆ ಜೋಡಿಸಿ, ಯುಇವಿಆರ್ ತೆರೆದು, ಗೇಮ್ ಶುರುಮಾಡಿ, ಮುಖ್ಯ ಮೆನುಗೆ ಬಂದ ಮೇಲೆ ಪಟ್ಟಿಯಲ್ಲಿ ಗೇಮ್ ಆರಿಸಿ, ಓಪನ್‌ಎಕ್ಸ್‌ಆರ್ ಗುರುತು ಹಾಕಿ ಇಂಜೆಕ್ಟ್ ಒತ್ತಿ. ಪಟ್ಟಿಯಲ್ಲಿ ಗೇಮ್ ಕಾಣದಿದ್ದರೆ ಯುಇವಿಆರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಗೇಮ್‌ಪ್ಯಾಡನ್ನು ಪಿಸಿಗೇ ಜೋಡಿಸಿ, ಹೆಡ್‌ಸೆಟ್‌ಗಲ್ಲ. ಎರಡೂ ಸ್ಟಿಕ್ ಒಟ್ಟಿಗೆ ಒತ್ತಿದರೆ ಯುಇವಿಆರ್‌ನ ಮೆನು ಬರುತ್ತದೆ.

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ. ಮೊದಲು ಕಾಣುವುದು ಅಳತೆಯ ಎಡವಟ್ಟು: ಪಾತ್ರ ಅಂಗೈಯೆತ್ತರವಾಗಿಯೋ ತೆಂಗಿನಮರದೆತ್ತರವಾಗಿಯೋ ಕಾಣುತ್ತದೆ. ಗೇಮಿನೊಳಗಿನ ಎರಡು ಕ್ಯಾಮೆರಾಗಳ ಅಂತರ ನಿಮ್ಮ ಕಣ್ಣುಗಳ ಅಂತರಕ್ಕೆ ತಾಳೆಯಾಗದಿದ್ದಾಗ ಹೀಗಾಗುತ್ತದೆ. ಪಾತ್ರವನ್ನು ಯಾವುದಾದರೂ ಬಾಗಿಲ ಪಕ್ಕ ನಿಲ್ಲಿಸಿ, ಬಾಗಿಲು ಸುಮಾರು ಏಳಡಿ ಅನ್ನಿಸುವವರೆಗೆ ವರ್ಲ್ಡ್ ಸ್ಕೇಲನ್ನು 0.1ರಂತೆ ಸರಿಸಿ. ಅಂಗೈಯೆತ್ತರವೇ ಚೆನ್ನ ಎನ್ನುವವರೂ ಇದ್ದಾರೆ. ಮೇಲಿನಿಂದ ನೋಡುವ ತಂತ್ರಗಾರಿಕೆಯ ಆಟಗಳಿಗೆ ಅದು ನಿಜಕ್ಕೂ ಒಪ್ಪುತ್ತದೆ.

ಮುಂದಿನದು ಡಿಕಪಲ್ಡ್ ಪಿಚ್. ಇದನ್ನು ಹಾಕದಿದ್ದರೆ ಸ್ಟಿಕ್ ಮೇಲೆ ಕೆಳಗೆ ಮಾಡಿದಾಗ ದಿಗಂತವೇ ಓಲಾಡುತ್ತದೆ. ಹಾಕಿದರೆ ನೆಲ ನೆಲದಲ್ಲೇ ಉಳಿದು, ಮೇಲೆ ಕೆಳಗೆ ನೋಡುವ ಕೆಲಸ ಕುತ್ತಿಗೆಯ ಪಾಲಿಗೆ ಬರುತ್ತದೆ. ಸ್ನ್ಯಾಪ್ ಟರ್ನ್ ಆನ್ ಮಾಡಿ 30 ಅಥವಾ 45 ಡಿಗ್ರಿಗೆ ಇಡಿ, ಕ್ಯಾಮೆರಾ ಜಾರದೆ ಒಮ್ಮೆಗೇ ಜಿಗಿದು ತಿರುಗುತ್ತದೆ. ನೋಡಲು ಒರಟು, ಹೊಟ್ಟೆಗೆ ಹಿತ. ಪಾತ್ರ ತೀರಾ ಮೂಗಿನ ಮುಂದಿದ್ದರೆ ಕ್ಯಾಮೆರಾ ಆಫ್‌ಸೆಟ್‌ನಿಂದ ಹಿಂದಕ್ಕೂ ಕೊಂಚ ಮೇಲಕ್ಕೂ ಸರಿಯಿರಿ.

ಒಂದು ಕಣ್ಣಿಗೆ ನೆರಳು ಕಂಡು ಇನ್ನೊಂದಕ್ಕೆ ಕಾಣದಿದ್ದರೆ ರೆಂಡರಿಂಗ್ ವಿಧಾನವನ್ನು ನೇಟಿವ್ ಸ್ಟೀರಿಯೋದಿಂದ ಸಿಂಕ್ರೊನೈಸ್ಡ್ ಸೀಕ್ವೆನ್ಶಿಯಲ್‌ಗೆ ಬದಲಿಸಿ. ಓಡುವ ಪಾತ್ರದ ಹಿಂದೆ ಮಸುಕು ಬಾಲ ಕಂಡರೆ ಘೋಸ್ಟಿಂಗ್ ಫಿಕ್ಸ್ ಹಾಕಿ. ಕಥೆಯ ದೃಶ್ಯ ಬಂದಾಗ 2ಡಿ ಸ್ಕ್ರೀನ್ ಮೋಡ್‌ಗೆ ಹೋಗಿ. ಸಿನಿಮಾ ಕ್ಯಾಮೆರಾ ಮುಖದ ಹತ್ತಿರಕ್ಕೆ ಕಟ್ ಮಾಡಿದಾಗಲೆಲ್ಲ ನಿಮ್ಮನ್ನೇ ಎತ್ತಿ ಇಟ್ಟಂತಾಗುವುದು ತಪ್ಪುತ್ತದೆ. ಒಂದು ಕಾಟಕ್ಕೆ ಮಾತ್ರ ಪೂರ್ತಿ ಮದ್ದಿಲ್ಲ: ಪಾತ್ರ ಗೋಡೆಗೆ ಒರಗಿದಾಗ, ಹಿಂದೆ ಜಾಗವಿಲ್ಲದೆ ಗೇಮ್ ಕ್ಯಾಮೆರಾವನ್ನು ತಟ್ಟನೆ ಮುಂದಕ್ಕೆ ಎಳೆಯುತ್ತದೆ. ಪರದೆಯಲ್ಲಿ ಗಮನಕ್ಕೇ ಬಾರದ ಇದು ಹೆಡ್‌ಸೆಟ್‌ನಲ್ಲಿ ಬೆನ್ನಿಗೆ ಯಾರೋ ನೂಕಿದಂತೆ. ಇಕ್ಕಟ್ಟಾದ ಓಣಿ, ನೆಲಮಾಳಿಗೆಗಳೇ ತುಂಬಿದ ಗೇಮ್‌ಗಳನ್ನು ವಿಆರ್‌ಗೆ ತಿರುಗಿಸುವ ಗೋಜಿಗೆ ಹೋಗದಿರುವುದೇ ಲೇಸು.

ನಡುವಿನ ದಾರಿ: ಹೆಡ್‌ಸೆಟ್‌ನೊಳಗೆ ಪರದೆ

ಹೆಡ್‌ಸೆಟ್‌ನಲ್ಲೇ ಥಿಯೇಟರಿನಂಥ ದೊಡ್ಡ ಪರದೆ ಹಾಕಿ ಮಾಮೂಲಿ ಗೇಮ್ ಆಡಬಹುದು. ತಲೆಸುತ್ತು ಬಹಳ ಕಡಿಮೆ, ಹಂಚಿಕೊಂಡ ಕೋಣೆಯಲ್ಲಿ ಟಿವಿಗೆ ಜಗಳವೂ ಇಲ್ಲ. ಸ್ಪಷ್ಟತೆ ಮಾತ್ರ ಕಡಿಮೆ. ಕ್ವೆಸ್ಟ್ 3 ಒಂದು ಡಿಗ್ರಿ ನೋಟಕ್ಕೆ ಸುಮಾರು 25 ಪಿಕ್ಸೆಲ್ ಕೊಡುತ್ತದೆ, 60 ಸೆಂ.ಮೀ. ದೂರದ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಸುಮಾರು 40. ಸಣ್ಣಕ್ಷರದ ಮೆನು, ನಕ್ಷೆ ಹೆಚ್ಚಿರುವ ಗೇಮ್‌ಗಳಿಗೆ ಮಾನಿಟರ್ರೇ ಗೆಲ್ಲುತ್ತದೆ. ಪರದೆಯನ್ನು ಗೋಡೆಯಗಲ ಹಿಗ್ಗಿಸಬೇಡಿ. ಅಂಚು ನೋಡಲು ತಲೆ ತಿರುಗಿಸಬೇಕಾದರೆ ಅತಿಯಾಯಿತು.

ತಲೆ ಸುತ್ತಿದರೆ

ಹಣೆ ಬೆವರುವುದು, ಬಾಯಲ್ಲಿ ನೀರೂರುವುದು, ಸುಮ್ಮಸುಮ್ಮನೆ ಆಕಳಿಕೆ: ಇವು ಮೊದಲ ಲಕ್ಷಣಗಳು. ಆ ಕ್ಷಣವೇ ಹೆಡ್‌ಸೆಟ್ ತೆಗೆಯಿರಿ. ಈ ಹಂತ ಮುಗಿಸಿಬಿಡೋಣ ಎಂದು ಹಟ ಹಿಡಿದರೆ ವಾಕರಿಕೆ ಗಂಟೆಗಟ್ಟಲೆ ಉಳಿಯುತ್ತದೆ, ಮರುದಿನ ಹೆಡ್‌ಸೆಟ್ ನೋಡಿದರೇ ಹೊಟ್ಟೆ ತೊಳಸುತ್ತದೆ. ಮೊದಲ ವಾರ ಒಂದು ಸಲಕ್ಕೆ 10-15 ನಿಮಿಷ ಸಾಕು, ಒಗ್ಗಿದಂತೆ ಹೆಚ್ಚಿಸಿ. ಬಿರಿಯಾನಿ ಹೊಡೆದು ನೇರ ಹೆಡ್‌ಸೆಟ್ ಏರಿಸಬೇಡಿ. ಬೇಕಿದ್ದರೆ ಶುಂಠಿ ಚೂರು ಬಾಯಲ್ಲಿರಲಿ, ಕೆಲವರಿಗೆ ಹಿತವೆನಿಸುತ್ತದೆ. ಮಕ್ಕಳ ವಿಷಯದಲ್ಲಿ ಕಂಪನಿಗಳೇ ಮಿತಿ ಹಾಕಿವೆ: ಕ್ವೆಸ್ಟ್‌ಗೆ ಕನಿಷ್ಠ 10 ವರ್ಷ, ಪ್ಲೇಸ್ಟೇಷನ್ ವಿಆರ್2ಗೆ 12.

ಆಟ ಮುಗಿದ ಮೇಲೆ ಕಾಲು ಗಂಟೆ ಮನೆಯೊಳಗೇ ಓಡಾಡಿ, ನಂತರವೇ ಸ್ಕೂಟರ್ ಕೀಲಿ ಮುಟ್ಟಿ. ಹೆಡ್‌ಸೆಟ್ಟನ್ನು ಕಿಟಕಿಯ ಬಳಿ ಮಲಗಿಸಬೇಡಿ: ಲೆನ್ಸಿನ ಮೇಲೆ ಬಿದ್ದ ಬಿಸಿಲು ಒಳಗಿನ ಡಿಸ್‌ಪ್ಲೇಯ ಮೇಲೆ ಒಂದೇ ಬಿಂದುವಾಗಿ ಬಿದ್ದು ನಿಮಿಷಗಳಲ್ಲಿ ಸುಡುತ್ತದೆ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸ್ಯಾನಿಟೈಸರ್ ತಾಗಿಸದೆ ಡಬ್ಬಿಗೆ ಹಾಕಿ ಬೀರುವಿನಲ್ಲಿಡಿ.