ಹಳೆಯ ಪಿಕಪ್‌ನ ತುಕ್ಕು ಹಿಡಿದ ಹಿಂಬದಿ ಚಾಸಿಸ್ ಬದಲಿಸುವ ಕ್ರಮ

ಮೊದಲು ತುಕ್ಕು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಸುತ್ತಿಗೆಯಿಂದ ತಟ್ಟಿ ತಿಳಿಯಬೇಕು. ಗಟ್ಟಿಯಾದ ಉಕ್ಕು ಖಣಿಲೆಂದು ದನಿಗೊಡುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗಳ (ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿಸುವ ಕೊಂಡಿಗಳ) ಹಿಂದೆ ಕೂತ ಮಣ್ಣು ತೇವವನ್ನು ಹಿಡಿದಿಡುವುದರಿಂದ ಅಲ್ಲಿ ವಿಶೇಷವಾಗಿ ಪರೀಕ್ಷಿಸಬೇಕು.

ವಾಹನವನ್ನು ಸಮತಟ್ಟಾದ ನೆಲದಲ್ಲಿ, ತುಕ್ಕಿಲ್ಲದ ಭಾಗಕ್ಕೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬಾರದು. ಬ್ಯಾಟರಿ, ಇಂಧನ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್, ಹಿಂದಿನ ಸರಕಿನ ತೊಟ್ಟಿ, ಆಕ್ಸಲ್ ಎಲ್ಲವನ್ನೂ ಕಳಚಿಡಿ.

ಇಡೀ ಕೆಲಸದ ಪ್ರಾಣವಿರುವುದು ಅಳತೆಯಲ್ಲಿ. ತುಕ್ಕು ಹಿಡಿದ ಭಾಗವನ್ನು ಕತ್ತರಿಸುವ ಮುನ್ನವೇ ಮುಂಭಾಗದ ಸ್ಥಿರ ಬಿಂದುಗಳಿಂದ ಹಿಂದಿನ ಹ್ಯಾಂಗರ್‌ಗಳಿಗಿರುವ ಉದ್ದ, ಎತ್ತರ ಹಾಗೂ ಎರಡೂ ಕರ್ಣಗಳನ್ನು (ಮೂಲೆಯಿಂದ ಎದುರು ಮೂಲೆಗಿರುವ ಓರೆ ಅಳತೆ) ಬರೆದಿಟ್ಟುಕೊಳ್ಳಿ. ಕರ್ಣಗಳು ಸಮವಾಗದಿದ್ದರೆ ವಾಹನ ಓರೆಯಾಗಿ ಓಡುತ್ತದೆ. ನೇರವಾದ ಅಡ್ಡ ಸೀಳಿಗಿಂತ ಓರೆಯಾದ ಸೀಳು ಮೇಲು, ಏಕೆಂದರೆ ಆಗ ಬೆಸುಗೆಯ ಮೇಲಿನ ಒತ್ತಡ ಒಂದೇ ಗೆರೆಯಲ್ಲಿ ಕೂಡಿಕೊಳ್ಳುವುದಿಲ್ಲ. ಹೊಸ ಭಾಗವನ್ನು ಮೊದಲು ಅಲ್ಲಲ್ಲಿ ತಾತ್ಕಾಲಿಕ ಚುಕ್ಕಿ ಬೆಸುಗೆಯಿಂದ ಹಿಡಿಸಿ, ಮತ್ತೊಮ್ಮೆ ಅಳೆದು, ಬಳಿಕ ಬಿಸಿಗೆ ಬಾಗದಂತೆ ಬದಿ ಬದಲಿಸುತ್ತಾ ಚಿಕ್ಕ ಚಿಕ್ಕದಾಗಿ ಬೆಸೆದು, ಒಳಗಿನಿಂದ ಬಲವರ್ಧಕ ಪಟ್ಟಿ ಸೇರಿಸಿ. ಬೆಸುಗೆಯಲ್ಲಿ ಪಳಗಿಲ್ಲದವರು ಈ ಹಂತವನ್ನು ಪರಿಣತರಿಗೇ ಒಪ್ಪಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಒಳಗೂ ಹೊರಗೂ ಸತುವಿನ ಪ್ರೈಮರ್ ಬಳಿಯಿರಿ.

ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಕೂರಿಸುವಾಗ ಅದರ ನಡುಬೋಲ್ಟ್‌ನ ತಲೆ ಆಕ್ಸಲ್ ಪೀಠದ ರಂಧ್ರದಲ್ಲಿ ಸರಿಯಾಗಿ ಇಳಿಯಬೇಕು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ, ‘U’ ಆಕಾರದ ಹಳೆಯ ಯು-ಬೋಲ್ಟ್‌ಗಳು ಒಮ್ಮೆ ಹಿಗ್ಗಿರುವುದರಿಂದ ಹೊಸವನ್ನೇ ಹಾಕಿ. ಸ್ಪ್ರಿಂಗಿನ ತುದಿಗಳಲ್ಲಿರುವ ರಬ್ಬರ್ ಬುಶ್‌ಗಳ (ಕೊಳವೆಯಾಕಾರದ ಮೆತ್ತೆಗಳ) ಬೋಲ್ಟ್‌ಗಳನ್ನು ಮಾತ್ರ ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿಯಬೇಕು. ಇಲ್ಲವಾದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಳಚಿಟ್ಟ ಭಾಗಗಳನ್ನೆಲ್ಲ ಮರಳಿ ಜೋಡಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು, ಸ್ವಲ್ಪ ದೂರ ಓಡಿಸಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯಿರಿ.