ಚೆನ್ನೆಮಣೆಯಲ್ಲಿ ಸರಳೆ ವರಸೆ: ಮಕ್ಕಳಿಗೆ ಕೊಳಲು ಕಲಿಸುವ ನನ್ನ ಅನುಭವ

ಬದಿಯಡ್ಕದ ಹತ್ತಿರ ನನ್ನ ಮನೆಯಲ್ಲೇ ಕೊಳಲು ಪಾಠ ನಡೆಸುತ್ತೇನೆ. ಬರುವವರು ಹೆಚ್ಚಾಗಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳು. ಕೊಳಲು ಅಂದ್ರೆ ಇವರಿಗೆಲ್ಲ ಇಷ್ಟವೇ. ಬೇಡವಾಗುವುದು ಸರಳೆ ವರಸೆ, ಅಂದರೆ ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸುವ ಮೊದಲ ಪಾಠ. ಅದನ್ನೇ ದಿನಾ ಊದಬೇಕು ಅಂದರೆ ಮುಖ ಬಾಡುತ್ತದೆ.

ಆಟಿ ತಿಂಗಳ ಮಳೆಗೆ ಅಟ್ಟದಿಂದ ಇಳಿಸಿದ ಚೆನ್ನೆಮಣೆ, ಅಂದರೆ ಗುಳಿಗಳಿಗೆ ಕಾಯಿ ಹಾಕಿ ಆಡುವ ಮಣೆ, ಇದಕ್ಕೆ ದಾರಿ ತೋರಿಸಿತು. ಒಂದು ಸಾಲಿಗೆ 7 ಗುಳಿ, ಒಟ್ಟು 14. ಈಚೆ ಸಾಲಿಗೆ ಸ ರಿ ಗ ಮ ಪ ದ ನಿ ಅಂತ ಚೀಟಿ ಅಂಟಿಸಿದೆ. ಆಚೆ ಸಾಲಿಗೆ ಹಿಂದಿರುಗುವಂತೆ ಮೇಲಿನ ಸ, ನಿ ದ ಪ ಮ ಗ ರಿ. ಸುತ್ತು ಮುಗಿದರೆ ಮತ್ತೆ ಕೆಳಗಿನ ಸ. ಆರೋಹಣ, ಅವರೋಹಣ ಎರಡೂ ಸರಿಯಾಗಿ ಕೂತವು!

ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಒಬ್ಬರು ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು, ಇನ್ನೊಬ್ಬರು ಕಾಯಿ ಬಿದ್ದ ಗುಳಿಯ ಸ್ವರ ಊದಬೇಕು. ತಪ್ಪಿದರೆ ಆ ಕಾಯಿ ಬಿತ್ತಿದವರಿಗೆ. ಯಾವ ಗುಳಿಯಿಂದ ಬೇಕಾದರೂ ಶುರು ಮಾಡಬಹುದು. ಸ ದಿಂದಾದರೆ ನಿದ್ದೆಯಲ್ಲೂ ಊದುವ ಮಕ್ಕಳು ದ ದಿಂದ ಅಂದರೆ ಒದ್ದಾಡುತ್ತಾರೆ. ಅದೇ ಅಲ್ವಾ ನಮಗೆ ಬೇಕಾದ ಅಭ್ಯಾಸ?

ಕಿಲಾಡಿಗಳು ಯಾವಾಗಲೂ ರಿ ಗುಳಿಗೇ ಕೈ ಹಾಕುತ್ತಾರೆ. ಅಲ್ಲಿಂದ ಬಿತ್ತಿದರೆ ಗ ಮ ಪ ದ ಬರುತ್ತದೆ. ನಮ್ಮ ಕರ್ನಾಟಕ ಸಂಗೀತದ ಕೊಳಲಿನಲ್ಲಿ ಗ ಊದುವಾಗ ತೂತೆಲ್ಲ ತೆರೆದಿರಬೇಕು, ಮ ಬರುವಾಗ ಒಮ್ಮೆಗೇ ಆರು ತೂತು ಮುಚ್ಚಬೇಕು, ಉಸಿರೂ ಸ್ವಲ್ಪ ಬಿಗಿಯಾಗಬೇಕು. ಯಾವುದೋ ಒಂದು ಬೆರಳಿನಡಿ ಗಾಳಿ ಸೋರಿ ಸ್ವರ ಕೀರಲಾಗುತ್ತದೆ. ಎದುರಿನವನಿಗೆ ಕಾಯಿ ಲಾಭ. ಸೋತವರು ಆ ಗ-ಮ ದಾಟುವುದನ್ನು ಮನೆಗೆ ಹೋಗಿ ತಾವಾಗಿ ತಿದ್ದಿಕೊಂಡು ಬರುತ್ತಾರೆ. ನಾನು ಹೇಳಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಈ ಆಟಕ್ಕೆ ನಾನು ಹರಿಕಾಂಭೋಜಿ ರಾಗದ ಸ್ವರ ಇಟ್ಟುಕೊಂಡಿದ್ದೇನೆ. ಸರಳೆ ವರಸೆಗೆ ಪುರಂದರದಾಸರ ಕಾಲದಿಂದ ಬಂದ ಪದ್ಧತಿ ಮಾಯಾಮಾಳವಗೌಳ ರಾಗ, ನಿಜ. ಆದರೆ ಅದರ ರಿ, ದ ಗಳಿಗೆ ತೂತನ್ನು ಅರ್ಧ ಮುಚ್ಚಬೇಕು. ಹರಿಕಾಂಭೋಜಿಗೆ ಆ ರಗಳೆ ಇಲ್ಲ. ಮೂಗು ಮುರಿಯುವವರು ಮುರಿಯಲಿ.

ಇನ್ನೊಂದು, ಸೋಡಾ ಬಾಟಲಿ. ಬಾಯಿಯ ಅಂಚಿಗೆ ತುಟಿಯಿಟ್ಟು ಊದುವುದು ಕೊಳಲು ಊದಿದ ಹಾಗೆಯೇ, ಹಾಗಾಗಿ ಹೊಸಬರಿಗೆ ಮೊದಲು ಇದನ್ನೇ ಕೊಡುತ್ತೇನೆ. ಒಂದೇ ಅಳತೆಯ ಐದು ಬಾಟಲಿಗೆ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ತಂಬೂರಿ ಆ್ಯಪ್ ಹಾಕಿ ಮೋಹನ ರಾಗದ ಸ ರಿ ಗ ಪ ದ ಕೂಡಿಸುತ್ತೇವೆ. ನೀರು ಜಾಸ್ತಿಯಾದರೆ ಒಳಗಿನ ಗಾಳಿಗೆ ಜಾಗ ಕಮ್ಮಿ, ಸ್ವರ ಏರುತ್ತದೆ. ಅದೇ ಬಾಟಲಿಯನ್ನು ಚಮಚದಲ್ಲಿ ಬಡಿದರೆ ಉಲ್ಟಾ, ನೀರು ಜಾಸ್ತಿಯಾದಷ್ಟೂ ಸ್ವರ ಇಳಿಯುತ್ತದೆ. ಯಾಕೆ ಅಂತ ಮಕ್ಕಳ ನಡುವೆ ದೊಡ್ಡ ಜಗಳವೇ ಆಯಿತು. ಆಗ ನಡುಗುವುದು ಗಾಳಿಯಲ್ಲ, ಗಾಜು. ನೀರಿನ ಭಾರಕ್ಕೆ ಅದರ ನಡುಕ ನಿಧಾನ ಅಂತ ಹೇಳಿದ ಮೇಲೂ ಒಬ್ಬ ಸುಮ್ನೆ ಬಡಿಯುತ್ತಲೇ ಇದ್ದ.

ತಲೆ ಸುತ್ತುತ್ತದೆ ಅಂದರೆ ಊದುವುದು ಬಂದ್. ಆಗ ನಾನು ಬೆನ್ನು ತಿರುಗಿಸಿ ಊದುತ್ತೇನೆ, ಅವರು ಸ್ವರ ಗುರುತಿಸುತ್ತಾರೆ.

ಪುಟ್ಟ ಮಕ್ಕಳಿಗೆ ಉದ್ದ ಕೊಳಲು ತರಬೇಡಿ. ಶ್ರುತಿ ಏರಿದಷ್ಟೂ ಕೊಳಲು ಗಿಡ್ಡ, ತೂತುಗಳು ಹತ್ತಿರ. ಅಂಗಡಿಯಲ್ಲೇ ಮಗುವಿನ ಬೆರಳಿಟ್ಟು ನೋಡಿ ತನ್ನಿ.